ಖರೇ ಹೇಳಿದ ಮುಳ್ಳು

ನಮ್ಮ ಮನೆಯ ಹಿಂಬಾಗಿಲ ಸಂದಿಯಲ್ಲಿ ಎರಡು ಮೊಳ ಉದ್ದದ ಬಿದಿರಿನ ಕಡ್ಡಿಯೊಂದು ನಿಂತಿರುತ್ತದೆ. ಮೊನ್ನೆ ಬಂದ ನೆಂಟರೊಬ್ಬರು ಮಂಚದ ಕೆಳಗೆ ಉರುಳಿದ ಕನ್ನಡಕದ ಡಬ್ಬಿಯನ್ನು ಎಳೆಯಲು ಅದನ್ನು ಎತ್ತಿಕೊಂಡರು. ಡಬ್ಬಿ ಬಂತು. ಆಮೇಲೆ ಕಡ್ಡಿಯ ಮೇಲಿದ್ದ ಗೀರುಗಳ ಮೇಲೆ ಬೆರಳಾಡಿಸಿ, “ಇದೇನ್ ತಮ್ಮಾ, ಹಾಲು ಅಳಿಯೂ ಕಡ್ಡಿ ಏನು?” ಎಂದು ಕೇಳಿ ಮೂಸಿ ನೋಡಿದರು. ನಾನು ಗಂಭೀರವಾಗಿ ಹೌದೆಂದೆ. ಆಮೇಲೆ ಅವರು ನಮ್ಮ ಮನೆಯಲ್ಲಿ ಚಹಾ ಮುಟ್ಟಲಿಲ್ಲ.

ಅದು ಡೀಸೆಲ್ ಕಡ್ಡಿ. ಜೀಪಿನ ಟ್ಯಾಂಕಿಗೆ ಇಳಿಬಿಟ್ಟು ತೆಗೆದರೆ ಎಲ್ಲಿಯವರೆಗೆ ಒದ್ದೆಯೋ ಅಷ್ಟು ಡೀಸೆಲ್. ಒಂದು ಗೀರಿಗೆ ಐದು ಲೀಟರ್. ಅಪ್ಪ ಕುಳಿತು ಚಾಕುವಿನಿಂದ ಕೊರೆದದ್ದು. ಕೆಳಗಿನ ಮೂರು ಗೀರುಗಳು ಕಪ್ಪಾಗಿ ಹೊಳೆಯುತ್ತಿವೆ. ಮೇಲಿನವು ಕೊರೆದ ದಿನ ಹೇಗಿದ್ದವೋ ಹಾಗೆಯೇ ಇವೆ. ಅಷ್ಟು ಎತ್ತರದ ಡೀಸೆಲ್ಲನ್ನು ನಮ್ಮ ಟ್ಯಾಂಕು ಕಂಡದ್ದಿಲ್ಲ.

ಡೀಸೆಲ್ ಎಷ್ಟಿದೆ ಎಂದು ತೋರಿಸಲು ಗಾಡಿಯಲ್ಲೇ ಒಂದು ಮುಳ್ಳು ಇರುತ್ತದಲ್ಲ ಎಂದು ನೀವು ಕೇಳಬಹುದು. ಇತ್ತು. ನಮ್ಮ ಮನೆಯಲ್ಲಿ ಬುದ್ಧಿವಂತ ಮಗನೂ ಇದ್ದಾನೆ, ಕೇಳಿ ನೋಡಿ ಎಷ್ಟು ಉಪಯೋಗವಾಗಿದೆ ಎಂದು.

ಆ ಮಗ ನಾನೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಗುಮಾಸ್ತ. ಸೀನುವುದು ಕಸುಬು, ಮಂದಿಯ ದನಿ ತೆಗೆಯುವುದು ಚಟ. ಯಾರಾದರೂ ನನ್ನೆದುರು ಹತ್ತು ನಿಮಿಷ ಮಾತಾಡಿದರೆ ಹನ್ನೊಂದನೇ ನಿಮಿಷಕ್ಕೆ ಅವರು ನನ್ನ ಗಂಟಲಲ್ಲಿ ಇರುತ್ತಾರೆ. ಗಣಪತಿ ಪೆಂಡಾಲಿನಲ್ಲಿ, ಗೆಳೆಯರ ಮದುವೆಯಲ್ಲಿ, ಒಮ್ಮೆ ಪಾಪ ಒಬ್ಬರ ತಿಥಿಯಲ್ಲಿ ಸಹ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದಾರೆ. ಈ ಚಟದಿಂದ ನನಗೆ ಗೆಳೆಯರು ಬಹಳ. ನನ್ನೆದುರು ಬಾಯಿ ಬಿಡುವವರು ಕಡಿಮೆ.

ಅಪ್ಪನದು ಅದೇ ಊರಿನಲ್ಲಿ ಬೀಜ ಗೊಬ್ಬರದ ಅಂಗಡಿ. ಜೀಪು ನನಗಿಂತ ನಾಲ್ಕು ವರ್ಷ ದೊಡ್ಡದು, ಮನೆಯಲ್ಲಿ ಅದಕ್ಕೆ ಸಿಗುವ ಮರ್ಯಾದೆಯೂ ಹಿರಿಯ ಮಗನದೇ. ಅಪ್ಪ ಅದರಲ್ಲಿ ಬೀಜದ ಚೀಲ ಹೇರಿಕೊಂಡು ಮೇಡ್ಲೇರಿಯಿಂದ ಹೊಸರಿತ್ತಿಯವರೆಗೆ ಹೊಲ ಹೊಲ ಸುತ್ತುತ್ತಾನೆ. ಮೊಣಕಾಲು ಹಿಡಿದುಕೊಂಡ ಮೇಲೆ ಬೈಕು ಬಿಟ್ಟ, ಬಸ್ಸು ಹತ್ತುವುದು ಬಿಟ್ಟ, ಜೀಪು ಮಾತ್ರ ಬಿಡಲಿಲ್ಲ. ಕೆಲಸವಿಲ್ಲದ ಸಂಜೆ ಅಂಗಳದಲ್ಲಿ ನಿಂತ ಜೀಪಿನಲ್ಲೇ ಕುಳಿತು ಪೇಪರು ಓದುತ್ತಾನೆ. ಒಮ್ಮೊಮ್ಮೆ ಪುಟ ತಿರುಗಿಸುವಾಗ ಹಾರ್ನ್ ಹೊಡೆಯುತ್ತಾನೆ.

ಇನ್ನು ಮುಳ್ಳಿನ ವಿಷಯ. ಅದನ್ನು ಓದಲು ನಮ್ಮ ಮನೆಯಲ್ಲಿ ಒಂದು ಪಂಚಾಂಗವೇ ತಯಾರಾಗಿತ್ತು. ಮುಳ್ಳು ಪೂರ್ತಿ ಕೆಳಗೆ ಖಾಲಿಯ ಗೆರೆಯ ಮೇಲೆ ಮಲಗಿದ್ದರೆ ಇನ್ನೂ ಎಂಟು ಲೀಟರ್ ಇದೆ ಎಂದರ್ಥ. ಕಾಲು ತೋರಿಸಿದರೆ ಅರ್ಧ. ಅರ್ಧಕ್ಕೆ ಬಂದು ನಡುಗುತ್ತಿದ್ದರೆ ಚಿಂತೆಯಿಲ್ಲ. ಅರ್ಧಕ್ಕೆ ಬಂದು ನಡುಗದೆ ನಿಂತರೆ ಮಾತ್ರ ಡ್ಯಾಶ್‌ಬೋರ್ಡಿಗೆ ಎರಡು ಗುದ್ದಬೇಕು. ಗುದ್ದಿದರೂ ಅಲುಗದಿದ್ದರೆ ಕಡ್ಡಿ ಇಳಿಸಬೇಕು. ಕಡ್ಡಿ ಮನೆಯಲ್ಲಿ ಮರೆತಿದ್ದರೆ ದೇವರಗುಡ್ಡದ ಕಡೆ ಮುಖ ಮಾಡಿ ಕೈ ಮುಗಿಯಬೇಕು. ಅಪ್ಪ ಇದನ್ನು ಯಾರಿಗಾದರೂ ವಿವರಿಸುವಾಗ ಅವನ ಮುಖದಲ್ಲಿ ಜಾತಕ ನೋಡುವವರ ಕಳೆ ಬರುತ್ತಿತ್ತು.

ಕಡ್ಡಿ ಬರುವ ಮೊದಲು ಆ ಕೆಲಸಕ್ಕೆ ನಾನಿದ್ದೆ. ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ. ನನಗಾಗ ಆರೋ ಏಳೋ ವರ್ಷ. ಅಪ್ಪ ಜೀಪಿನ ಬೆನ್ನು ಹಿಡಿದು ಅಲುಗಿಸುತ್ತಿದ್ದ, ನಾನು ಸೀಟಿಗೆ ಕಿವಿ ಹಚ್ಚುತ್ತಿದ್ದೆ. “ಗುಳುಗುಳು ಅಂತೈತೇನಲೇ?” ಎಂದು ಅವನು ಕೇಳಬೇಕು, ನಾನು ಹೇಳಬೇಕು. ಅಂತು ಎಂದರೆ ಅಪ್ಪ ನಗುತ್ತಿದ್ದ, ತಿರುಗಾಟಕ್ಕೆ ನನ್ನನ್ನೂ ಹತ್ತಿಸಿಕೊಳ್ಳುತ್ತಿದ್ದ. ಅನ್ನಲಿಲ್ಲ ಎಂದರೆ ಮುಖ ಸಣ್ಣದು ಮಾಡಿಕೊಂಡು ಬಂಕಿಗೆ ಒಬ್ಬನೇ ಹೋಗುತ್ತಿದ್ದ. ಇಂಥ ಪರಿಸ್ಥಿತಿಯಲ್ಲಿ ಜಾಣ ಹುಡುಗನಾದವನು ಏನು ಮಾಡಬೇಕು, ನೀವೇ ಹೇಳಿ. ನಾನು ಸೀಟಿಗೆ ಮುಖ ಒತ್ತಿ ಗಂಟಲಿನಿಂದಲೇ ಗುಳುಗುಳು ಎಂದು ಬಿಟ್ಟೆ. ಅಪ್ಪನಿಗೆ ಅಲ್ಲಿಯವರೆಗೂ ಕೇಳಿಸಿತು. “ಭಾಳ ಐತಲ್ಲೋ!” ಎಂದು ಹಿಗ್ಗಿದ. ಆ ದಿನ ನಾವು ಮೇಡ್ಲೇರಿಯ ಒಂದು ಗದ್ದೆಯ ಬದುವಿನ ಮೇಲೆ ಮಧ್ಯಾಹ್ನವಿಡೀ ಕುಳಿತು, ಪುಣ್ಯಾತ್ಮ ರೈತನೊಬ್ಬ ಕೊಟ್ಟ ರೊಟ್ಟಿ ತಿಂದು, ಅವನದೇ ಟ್ರ್ಯಾಕ್ಟರಿನ ಡೀಸೆಲ್ಲಿನಲ್ಲಿ ಮನೆಗೆ ಬಂದೆವು. ನನ್ನ ಮೊದಲ ಮಿಮಿಕ್ರಿ ಅದೇ. ರಾಜಕಾರಣಿಗಳ ದನಿ ಆಮೇಲೆ ಬಂದದ್ದು. ಶುರುವಾದದ್ದು ಡೀಸೆಲ್ ಟ್ಯಾಂಕಿನಿಂದ.

ಸುಳ್ಳು ಮುಳ್ಳಿನೊಂದಿಗೆ ಅಷ್ಟು ವರ್ಷ ಹೇಗೆ ಬಾಳಿದಿರಿ ಎನ್ನಬೇಡಿ. ನಮ್ಮ ಕಡೆ ಎಲ್ಲ ಮುಳ್ಳುಗಳೂ ಹಾಗೆಯೇ. ನಮ್ಮೂರಿಗೆ ಬರಬೇಕಾದ ಹಾವೇರಿಯ ಗೆಳೆಯ ಫೋನಿನಲ್ಲಿ “ಮೋಟೆಬೆನ್ನೂರ ದಾಟೀನಿ ನೋಡ” ಎಂದರೆ ಅವನು ಬಚ್ಚಲಿನಿಂದ ಹೊರಬಂದಿದ್ದಾನೆ ಎಂದು ತಿಳಿಯಬೇಕು. “ಹೊಂಟೇನಿ” ಎಂದರೆ ಎದ್ದಿದ್ದಾನೆ. ಊಟಕ್ಕೆ ಕುಳಿತ ಬೀಗರು ಸಾಕು ಎಂದರೆ ಇನ್ನೆರಡು ಬೇಕು. ಬೇಡವೇ ಬೇಡ ಎಂದರೆ ಒಂದು ಬೇಕು. ನಮ್ಮ ಅಂಗಡಿಯಲ್ಲಿಯೇ ಇಲ್ಲ ಎಂಬ ಮಾತು ಹೊಸ್ತಿಲು ದಾಟುವಂತಿಲ್ಲ. ತೊಗರಿ ಬೀಜ ಕಾಳೂ ಇಲ್ಲದಿದ್ದರೂ ಅಪ್ಪ ಗಿರಾಕಿಗೆ “ಬರಾಕತ್ತೈತ್ರಿ, ದಾರ್ಯಾಗೈತಿ” ಎನ್ನುತ್ತಾನೆ. ಗಿರಾಕಿಯೂ ತಲೆಯಾಡಿಸಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಹೇಳುವವನು ಇಷ್ಟು ಸೇರಿಸುತ್ತಾನೆ, ಕೇಳುವವನು ಅಷ್ಟನ್ನೇ ಕಳೆಯುತ್ತಾನೆ. ಸಂಸಾರ ಸುಗಮವಾಗಿ ನಡೆಯುತ್ತದೆ. ನಡುವೆ ಒಬ್ಬ ನಿಜ ಹೇಳುವವನು ಬಂದನೆನ್ನಿ, ಅವನ ಮಾತಿನಿಂದಲೂ ಮಂದಿ ಅಷ್ಟನ್ನು ಕಳೆದೇ ಬಿಡುತ್ತಾರೆ. ನನ್ನ ಕಥೆ ಇರುವುದು ಅಲ್ಲಿ.

ಮೂರು ವರ್ಷದ ಹಿಂದೆ ಹಾವೇರಿಯಲ್ಲಿ ಅವ್ವನ ಅಣ್ಣನ ಮಗಳ ಮದುವೆ. ಅವ್ವ ರೇಶ್ಮೆ ಸೀರೆ ಉಟ್ಟು, ಹೆರಳಿಗೆ ಹೂ ಮುಡಿದು, ಜೀಪಿನ ಮುಂದೆ ಕುಳಿತಿದ್ದಳು. ಮುಳ್ಳು ಅರ್ಧದ ಮೇಲೆ ನಿಂತಿತ್ತು, ನಡುಗದೆ. ಅಪ್ಪ ಎರಡು ಗುದ್ದಿದ. ಕಡ್ಡಿ ಮನೆಯಲ್ಲಿತ್ತು. ಹೆದ್ದಾರಿಗೆ ಹತ್ತಿದ ಸ್ವಲ್ಪ ಹೊತ್ತಿಗೆ ಜೀಪು ಕೆಮ್ಮಿ ನಿಂತಿತು. ಮುಹೂರ್ತ ಹತ್ತಿರ; ಬಸ್ಸುಗಳು ಕೈ ತೋರಿಸಿದರೂ ನಿಲ್ಲಲಿಲ್ಲ. ನಿಂತದ್ದು ಒಂದು ಮೇವಿನ ಟ್ರ್ಯಾಕ್ಟರು. ಅಕ್ಕಿಕಾಳು ಬಿದ್ದು, ಗಟ್ಟಿಮೇಳ ಮುಗಿದು, ಎರಡನೆಯ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಅವ್ವ ಮೇವಿನ ಮೇಲಿನಿಂದ ಕಲ್ಯಾಣಮಂಟಪಕ್ಕೆ ಇಳಿದಳು. ಮದುವೆಯ ವಿಡಿಯೋದಲ್ಲಿ ಅವಳು ಒಂದೇ ಕಡೆ ಬರುತ್ತಾಳೆ: ಹಾವೇರಿ ಅತ್ತಿ, ಅಂದರೆ ಮದುಮಗಳ ತಾಯಿ, ನಗುತ್ತ ಅವ್ವನ ಹೆರಳಿನಿಂದ ಮೇವಿನ ಕಡ್ಡಿ ಹೆಕ್ಕುತ್ತಿದ್ದಾಳೆ. ಹಿಂದೆ ಶಹನಾಯಿ.

ಮನೆಗೆ ಬಂದ ಮೇಲೆ ಅವ್ವ ಸೀರೆ ಬದಲಿಸುವ ಮೊದಲೇ ತೀರ್ಪು ಕೊಟ್ಟಳು.

“ಇನ್ನೊಂದ ಸಲ, ಒಂದ ಒಂದು ಸಲ ಇದು ಎಣ್ಣಿ ಇಲ್ದ ದಾರ್ಯಾಗ ನಿಂತ್ರ, ಅಲ್ಲಿಂದ ಅಲ್ಲೇ ಗುಜರಿಗೆ. ನಾ ಹೇಳಿದ್ದು ತಿಳೀತಿಲ್ಲೋ?”

“ತಿಳೀತು,” ಎಂದ ಅಪ್ಪ.

“ತಿಳೀತು ಅಂದ್ರ ಸಾಲಂಗಿಲ್ರಿ. ಆಮ್ಯಾಲ ನೀವು ಅಂಗಡ್ಯಾಗ ಗಲ್ಲಾದ ಮುಂದ ಕುಂದ್ರೂದು. ನನ್ನ ಕಣ್ಣ ಮುಂದ. ತಿರುಗಾಟ ಬಂದ್.”

ಗುಜರಿಯವನ ನಂಬರನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಯೂ ಬಿಟ್ಟಳು. ನೀರು ಕುಡಿಯಲು ಹೋದಾಗಲೆಲ್ಲ ಅಪ್ಪ ಅದನ್ನು ಓದಬೇಕು. ಕೆಲವು ದಿನ ಅವನು ಮಣ್ಣಿನ ಕೊಡದ ನೀರನ್ನೇ ಕುಡಿದ.

ಹೀಗೆ ಜೀಪಿನ ಚಿಕಿತ್ಸೆ ಶುರುವಾಯಿತು. ಮೊದಲು ಬ್ಯಾಡಗಿಯ ಗ್ಯಾರೇಜು. ಮೆಣಸಿನಕಾಯಿ ಸುಗ್ಗಿ, ಊರೆಲ್ಲ ಘಾಟು. ಮೆಕ್ಯಾನಿಕ್ ಬಾನೆಟ್ ಎತ್ತಿದ, ನಾಲ್ಕು ಸಲ ಸೀನಿದ, ಬಾನೆಟ್ ಇಳಿಸಿದ. “ಹಳೇ ಗಾಡ್ಯಾಗ ಮುಳ್ಳ ಯಾರ ನೋಡ್ತಾರ್ರಿ? ಫುಲ್ ಹಾಕಸ್ರಿ, ಚಿಂತಿ ಬಿಡ್ರಿ,” ಎಂದ. ಹಾವೇರಿಯಲ್ಲಿ ಒಬ್ಬ ವೈರಿಂಗ್ ಪಂಡಿತ. ಅವನು ಮುಳ್ಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ, “ಮೀಟರ ಹೋಗೇತ್ರಿ,” ಎಂದು ಹೊಸ ಮೀಟರು ಕೂರಿಸಿದ. ಹೊಸ ಮುಳ್ಳು ಹಳೆಯದಕ್ಕಿಂತ ಕೆಂಪಾಗಿತ್ತು, ಸುಳ್ಳು ಮಾತ್ರ ಅದೇ. ಮತ್ತೆ ಹೋದರೆ ಇನ್ನೊಂದು ಮೀಟರು ಹಾಕಿದ. ಜ್ವರ ಇಳಿಯಲಿಲ್ಲವೆಂದು ಥರ್ಮಾಮೀಟರು ಬದಲಿಸುವ ವೈದ್ಯರನ್ನು ನಾನು ಅಲ್ಲಿಯೇ ಮೊದಲು ಕಂಡದ್ದು.

ಹೆಚ್ಚುಕಡಿಮೆ ಮೂರು ವರ್ಷ ಹೀಗೇ ಕಳೆದ ಮೇಲೆ, ಕೊನೆಗೆ ರಾಣೆಬೆನ್ನೂರಿನ ದಾವಲಸಾಬ ಮಿಸ್ತ್ರಿ. ಅರವತ್ತು ದಾಟಿದ ಮನುಷ್ಯ. ಗಾಡಿಯೊಂದಿಗೆ ಮಾತಾಡುತ್ತಾರೆ, ಗಾಡಿಯ ಮಾಲೀಕರೊಂದಿಗೆ ಆಡುವುದು ಕಡಿಮೆ. ಅಪ್ಪ ತನ್ನ ಪಂಚಾಂಗ ಪೂರ್ತಿ ಹೇಳಿ ಮುಗಿಸುವವರೆಗೆ ಸುಮ್ಮನಿದ್ದು, ಆಮೇಲೆ ಕೇಳಿದರು:

“ಸಾವ್ಕಾರ್ರ, ಇಷ್ಟ ವರ್ಷದಾಗ ಯಾರರ ಟ್ಯಾಂಕಿನೊಳಗ ಹಣಿಕಿ ನೋಡ್ಯಾರೇನು?”

“ಕಡ್ಡಿ ಇಳಿಸೇವ್ರಿ.”

“ಕಡ್ಡಿಗೆ ಕಣ್ಣ ಇರ್ತಾವೇನ್ರಿ?”

ಸೀಟು ಎತ್ತಿದರು. ಟ್ಯಾಂಕಿನ ಮೇಲೆ ಐದು ತಿರುಪಿನ ಒಂದು ತಟ್ಟೆ. ತಿರುಪು ಬಿಚ್ಚಿ ತಟ್ಟೆ ಎತ್ತಿದರೆ ಅದರ ಜೊತೆ ಒಂದು ತಂತಿಯ ಕೈ ಬಂತು, ಕೈಯ ತುದಿಯಲ್ಲಿ ಲಿಂಬೆಹಣ್ಣಿನ ಗಾತ್ರದ ಹಿತ್ತಾಳೆಯ ಬುರುಡೆ. ಅದೇ ಫ್ಲೋಟು. ಡೀಸೆಲ್ಲಿನ ಮೇಲೆ ಬುರುಡೆ ತೇಲಬೇಕು, ಅದು ಏರಿ ಇಳಿದಂತೆ ಕೈ ಆಡಬೇಕು, ಕೈ ಆಡಿದಂತೆ ಮೇಲೆ ಮುಳ್ಳು ಆಡಬೇಕು. ಮಿಸ್ತ್ರಿ ಬುರುಡೆಯನ್ನು ನನ್ನ ಕಿವಿಯ ಹತ್ತಿರ ಅಲುಗಿಸಿದರು. ಗುಳುಗುಳು ಎಂದಿತು. ಈ ಸಲ ನಾನಲ್ಲ.

“ಕೇಳಿಸ್ತಿಲ್ಲೋ ತಮ್ಮಾ? ಹೊಟ್ಟಿಯೊಳಗ ಡೀಸೆಲ್ ಹೊಕ್ಕೈತಿ. ಈಸು ಬರದವರಂಗ ಅರ್ಧಾ ಮುಳುಗಿ ಕುಂತೈತಿ. ಅದಕ್ಕ ಮುಳ್ಳು ಯಾವತ್ತೂ ಕಡಿಮಿ ತೋರಸ್ತೈತಿ. ಇಲ್ಲಿ ನೋಡು, ಈ ಕೈ ನಡುವ ಸವದೈತಿ. ಒಮ್ಮೊಮ್ಮೆ ಇಲ್ಲೇ ಸಿಕ್ಕೊಂಡು ನಿಂದರ್ತೈತಿ. ಆವಾಗ ಅರ್ಧಾ ಅಂತ ತೋರಸ್ತೈತಿ. ಸಮಜಾಯ್ತಾ?”

ಇಪ್ಪತ್ತೈದು ವರ್ಷದ ಗುಟ್ಟು ಎರಡು ನಿಮಿಷದಲ್ಲಿ ಬಯಲಾಯಿತು. ಅಪ್ಪನ ಮುಖ ಸಪ್ಪಗಾಯಿತು. ತನ್ನ ಪಂಚಾಂಗದ ಗ್ರಹಗತಿಗಳೆಲ್ಲ ತೂತು ಬಿದ್ದ ಒಂದು ಬುರುಡೆಯಿಂದ ಬಂದವು ಎಂದು ಯಾವ ಜ್ಯೋತಿಷಿ ತಾನೇ ಸಂತೋಷದಿಂದ ಒಪ್ಪುತ್ತಾನೆ?

ಮಿಸ್ತ್ರಿ ಬುರುಡೆಯನ್ನು ಬಿಸಿನೀರಿನಲ್ಲಿ ಮುಳುಗಿಸಿ ಹಿಡಿದರು. ಒಂದು ಕಡೆಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಅಲ್ಲೇ ತೂತು. ಎದುರು ಬದಿಗೆ ಇನ್ನೊಂದು ಸಣ್ಣ ತೂತು ಹೊಡೆದು, ಒಳಗಿನ ಡೀಸೆಲ್ ಊದಿ ತೆಗೆದು, ತೊಳೆದು ಒಣಗಿಸಿ, ಎರಡಕ್ಕೂ ಬೆಸುಗೆ ಹಾಕಿದರು. ಸವೆದ ಕೈಯನ್ನು ಒಂದಿಷ್ಟು ಬಗ್ಗಿಸಿ ಸವೆಯದ ಕಡೆಗೆ ಕೂರಿಸಿದರು. ತುಕ್ಕು ಹಿಡಿದಿದ್ದ ಅರ್ಥಿಂಗ್ ವೈರನ್ನು ಪಾಲಿಶ್ ಕಾಗದದಿಂದ ಉಜ್ಜಿದರು. ನಾನು ಹಿಂದೆ ನಿಂತು ಅಪ್ಪನಿಗೆ ಮೆಲ್ಲಗೆ, ಮಿಸ್ತ್ರಿಯ ದನಿಯಲ್ಲಿ, “ಕಡ್ಡಿಗೆ ಕಣ್ಣ ಇರ್ತಾವೇನ್ರಿ? ಸಮಜಾಯ್ತಾ?” ಎಂದೆ.

ಮಿಸ್ತ್ರಿ ತಲೆ ಎತ್ತಲಿಲ್ಲ. “ನಕಲ ಚಲೋ ಮಾಡ್ತೀ ಬೇಟಾ. ಕೆಲಸಾನೂ ಒಂಚೂರು ನಕಲ ಮಾಡು. ಬಾ, ಹಿಡಿ ಇದನ್ನ.”

ಫ್ಲೋಟಿನ ಕೈಯನ್ನು ನನ್ನ ಕೈಗೆ ಕೊಟ್ಟು ಮೇಲೆ ಎತ್ತಲು ಹೇಳಿದರು. ಎತ್ತಿದೆ, ಮುಳ್ಳು ಪೂರ್ತಿ ಮೇಲೆ ಹೋಯಿತು. ಇಳಿಸಿದೆ; ಮೆಲ್ಲಗೆ ಇಳಿದು ಖಾಲಿಯ ಗೆರೆಯ ಮೇಲೆ ಮಲಗಿತು. ಹತ್ತು ಸಲ ಎತ್ತಿಸಿ ಇಳಿಸಿದರು. ಹತ್ತು ಸಲವೂ ಅದೇ ಜಾಗ. ಅಪ್ಪ ಅಭ್ಯಾಸಬಲದಿಂದ ಡ್ಯಾಶ್‌ಬೋರ್ಡಿಗೆ ಎರಡು ಗುದ್ದಿದ. ಮುಳ್ಳು ಅಲುಗಲಿಲ್ಲ. ಇಷ್ಟು ಗಟ್ಟಿಮನಸ್ಸಿನ ವಸ್ತು ನಮ್ಮ ಮನೆಯಲ್ಲಿ ಅವ್ವನ ನಂತರ ಅದೇ.

ಎರಡೇ ವಾರಕ್ಕೆ ಅಪ್ಪ ಮತ್ತೆ ರಾಣೆಬೆನ್ನೂರಿಗೆ ಹೊರಟ. ಜೊತೆಗೆ ನಾನು.

“ಮಿಸ್ತ್ರಿ, ಏನ್ ಮಾಡೀರ್ರಿ ಗಾಡಿಗೆ? ಮುಳ್ಳು ಇಳ್ಯಾಕತ್ತೈತಿ!”

“ಇಳೀತೈತೇನು?”

“ಹೊಸರಿತ್ತಿಗೆ ಹೋಗಿ ಬರೂದ್ರಾಗ ಇಷ್ಟ ಇಳೀತ್ರಿ. ಮದ್ಲ ಹಿಂಗ ಇರಲಿಲ್ಲ. ವಾರಗಟ್ಟಲೆ ಇದ್ದಲ್ಲೇ ಇರ್ತಿತ್ತು. ಗಾಡಿ ಭಾಳ ಎಣ್ಣಿ ಕುಡ್ಯಾಕತ್ತೈತಿ.”

ದಾವಲಸಾಬ ಮಿಸ್ತ್ರಿ ನಟ್ಟು ತಿರುಗಿಸುತ್ತಿದ್ದ ಪಾನೆಯನ್ನು ಕೆಳಗಿಟ್ಟು, ಅಪ್ಪನನ್ನು ಹೊಸ ರೋಗ ಕಂಡವರಂತೆ ನೋಡಿದರು. “ಸಾವ್ಕಾರ್ರ, ಡೀಸೆಲ್ ಸುಟ್ರ ಮುಳ್ಳು ಇಳೀಬೇಕಲ್ರಿ. ಅದಕ್ಕ ಅಲ್ಲೇನ್ರಿ ನಾವು ಕುಂತು ಬೆಸುಗಿ ಹಾಕಿದ್ದು?” ಎಂದು, ಆಮೇಲೆ ನನ್ನ ಕಡೆ ತಿರುಗಿ, “ಗಾಡಿ ಸುಧಾರಿಸೈತಿ. ಇನ್ನ ಇವರಿಗೆ ಮಿಸ್ತ್ರಿ ಹುಡುಕ್ರಿ,” ಎಂದರು.

ಅಪ್ಪನ ಸಂಕಟ ನನಗೆ ಅರ್ಥವಾಗುತ್ತಿತ್ತು. ಇಷ್ಟು ವರ್ಷ ಖಾಲಿ ಎಂದರೂ ಒಳಗೆ ಗುಟ್ಟಾಗಿ ಎಂಟು ಲೀಟರ್ ಇಟ್ಟುಕೊಂಡಿರುತ್ತಿದ್ದ ಜೀಪದು, ಸೆರಗಿನ ತುದಿಯಲ್ಲಿ ಗಂಟು ಇಟ್ಟುಕೊಂಡ ಅಜ್ಜಿಯ ಹಾಗೆ. ಈಗ ಅದು ಬ್ಯಾಂಕಿನ ಮೆಸೇಜಿನ ಹಾಗಾಗಿತ್ತು. ಇದ್ದದ್ದು ಇದ್ದ ಹಾಗೆ, ಅದೂ ಮುಖಕ್ಕೆ.

ಅಷ್ಟರಲ್ಲಿ ಆ ಮದುವೆಯಾದ ಹುಡುಗಿಗೆ ಹೆಣ್ಣು ಕೂಸು ಹುಟ್ಟಿತು. ಹಾವೇರಿಯಲ್ಲಿ ತೊಟ್ಟಿಲ ಕಾರ್ಯ. ಅವ್ವ ಕೂಸಿನ ತಲೆಗೆ ತೊಡಿಸಲು ಜರಿಯಂಚಿನ ಕುಂಚಿಗೆ ಹೊಲಿಸಿದ್ದಳು. ಬಸ್ಸಿಗೆ ಹೋಗುತ್ತೇನೆ ಎಂದಳು. ಅಪ್ಪ ಬೆಳಗಿನಿಂದ ಅವಳ ಹಿಂದೆ ಮುಂದೆ ಸುಳಿದ.

“ಈಗ ಮಿಸ್ತ್ರಿ ಕೈ ಆಡಿಸಿದ ಗಾಡಿ ಐತಿ. ಒಮ್ಮೆ ಕುಂದ್ರು. ಇದೊಂದ ಸಲ.”

“ನಿಂತ್ರ?”

“ನಿಂತ್ರ ನಾನ ಗುಜರಿಯವಂಗ ಫೋನ್ ಮಾಡ್ತೇನಿ.”

“ನಿಮ್ಮ ಕೈಲೆ?”

“ನನ್ನ ಕೈಲೆ.”

ಅವ್ವ ಫ್ರಿಜ್ಜಿನ ಬಾಗಿಲಿನಿಂದ ಆ ಚೀಟಿಯನ್ನು ಕಿತ್ತು ಅಪ್ಪನ ಅಂಗಿಯ ಜೇಬಿಗೆ ತುರುಕಿ, ಬಂದು ಜೀಪಿನಲ್ಲಿ ಕುಳಿತಳು. ನಾನು ಹಿಂದೆ, ಕುಂಚಿಗೆಯ ಚೀಲ ಹಿಡಿದುಕೊಂಡು. ಇಷ್ಟು ಬಿಗುವಿನ ಪ್ರಯಾಣವನ್ನು ನಾನು ಹಿಂದೆಂದೂ ಮಾಡಿರಲಿಲ್ಲ. ಅಪ್ಪನ ಬೆನ್ನು ಕೂಡ ಬೆವರುತ್ತಿತ್ತು.

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಹತ್ತಿದೆವು. ಅವ್ವನಿಗೆ ಗಾಡಿಯ ವಿದ್ಯೆ ಏನೂ ತಿಳಿಯದು. ಅದರಿಂದಲೇ ಅವಳು ಮುಳ್ಳನ್ನು ಅದು ಇದ್ದ ಹಾಗೆ ನೋಡಿದಳು.

“ರೀ, ಮುಳ್ಳು ಕೆಳಗ ಮಲಗೇತಲ್ರಿ.”

“ಅದು ಹಂಗ.”

“ಖಾಲಿ ಅಂತ ಬರದಾರ ಅಲ್ಲೆ.”

“ನಿನಗ ತಿಳ್ಯಂಗಿಲ್ಲ, ಸುಮ್ಕ ಕುಂದ್ರು. ಖಾಲಿ ಅಂದ್ರ ಇನ್ನ ಎಂಟ ಲೀಟರ್ ಐತಿ. ಹಾವೇರಿಗೆ ಹೋಗಿ, ಬಂದು, ಮತ್ತ ಹೋಗಬಹುದು.”

ನೋಡಿ, ಆ ಕ್ಷಣದಲ್ಲಿ ಬಾಯಿ ಬಿಡಬೇಕಾದವನು ನಾನು. ಫ್ಲೋಟಿನ ಕೈಯನ್ನು ನನ್ನ ಕೈಯಾರೆ ಹತ್ತು ಸಲ ಇಳಿಸಿದವನು. ಎಂಟು ಲೀಟರಿನ ಕಾಲ ಬೆಸುಗೆಯೊಂದಿಗೆ ಮುಗಿಯಿತು ಎಂದು ಜೀಪಿನಲ್ಲಿ ಬಲ್ಲವನು ನಾನೊಬ್ಬನೇ. ಬಾಯಿ ಬಿಟ್ಟೆ ಕೂಡ. ಆದರೆ ನನ್ನ ಬಾಯಿಯಿಂದ ಬುದ್ಧಿಮಾತು ಬರುವುದುಂಟೇ? ಎದುರಿಗೆ ಬಂಕು ಕಾಣಿಸುತ್ತಿತ್ತು. ನಾನು ಮುಂದಕ್ಕೆ ಬಾಗಿ, ಅಪ್ಪನ ಕಿವಿಯ ಹಿಂದೆ, ಡೀಸೆಲ್ ತೀರಿದ ಜೀಪಿನ ದನಿ ತೆಗೆದೆ: “ಢರ್ರ್… ಖುಕ್… ಖುಕ್ಕುಕ್ಕು… ಫುಸ್.”

ಅವ್ವ “ಅಯ್ಯ ಶಿವನ!” ಎಂದು ಕಂಬಿ ಹಿಡಿದಳು. ಅಪ್ಪ ಗಾಬರಿಯಿಂದ ಇಂಡಿಕೇಟರ್ ಹಾಕಿ, ಬಂಕಿನ ಕಡೆ ಅರ್ಧ ತಿರುಗಿಸಿಯೂ ಬಿಟ್ಟ. ಅಷ್ಟಕ್ಕೆ ನಾನು ಸುಮ್ಮನಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ನಾನು ಹೊಟ್ಟೆ ಹಿಡಿದು ನಕ್ಕೆ. ಅವ್ವನಿಗೂ ನಗು ಬಂತು; ಮೂರು ವರ್ಷದಲ್ಲಿ ಆ ಜೀಪಿನೊಳಗೆ ಅವಳು ನಕ್ಕದ್ದು ಅದೇ ಮೊದಲು. ಅವಳು ನಕ್ಕದ್ದೇ ಅಪ್ಪನಿಗೆ ಅವಮಾನವಾಯಿತು.

“ಮಂಗ್ಯಾನ ಮಗನ,” ಎಂದು ನನ್ನನ್ನು ಬೈಯುವ ಭರದಲ್ಲಿ ತನ್ನನ್ನೂ ಬೈದುಕೊಂಡು, ಸ್ಟೇರಿಂಗ್ ತಿರುಗಿಸಿ, ಬಂಕನ್ನು ದಾಟಿಸಿಬಿಟ್ಟ.

ಮುಂದೆ ಒಂದಿಷ್ಟು ದೂರ ಹೋಗಿರಬೇಕು.

“ಢರ್ರ್… ಖುಕ್…”

“ಸಾಕ ಮಾಡಲೇ ನಿನ್ನ ನಾಟಕ!” ಎಂದು ಅಪ್ಪ ಗದರಿದ.

“ಅಪ್ಪಾ, ನಾನಲ್ಲ.”

“ಖುಕ್ಕುಕ್ಕು…”

“ಒಮ್ಮೆ ನಕ್ಕೇನಿ ಅಂತ ಪದೇ ಪದೇ ಮಾಡಬ್ಯಾಡೋ,” ಎಂದಳು ಅವ್ವ, ಹಿಂದಕ್ಕೆ ಕೂಡ ನೋಡದೆ.

“ಅವ್ವಾ, ನನ್ನ ಬಾಯಿ ಮುಚ್ಚೇತಿ, ನೋಡಿಲ್ಲೆ!”

“ಫುಸ್,” ಎಂದಿತು ಜೀಪು. ನನಗಿಂತ ಚೆನ್ನಾಗಿ. ಗುರುವಿನೆದುರು ಶಿಷ್ಯ 'ನಾನೂ ಕಲಿತೆ' ಎಂದು ಕುಣಿದಾಗ ಗುರು ಒಮ್ಮೆ ದನಿ ಎತ್ತಿದಂತಿತ್ತು. ಉರುಳುತ್ತ ಹೋಗಿ ಬೇವಿನ ಮರದ ನೆರಳಿನಲ್ಲಿ ನಿಂತಿತು.

ಹೆದ್ದಾರಿಯ ಲಾರಿಗಳು ಜೀಪನ್ನು ಅಲುಗಿಸುತ್ತ ಹೋದವು. ಅಲುಗಿಸಿದರೂ ಸೀಟಿನ ಕೆಳಗೆ ಯಾವ ಸದ್ದೂ ಆಗಲಿಲ್ಲ. ಅಪ್ಪ ಸ್ಟೇರಿಂಗ್ ಬಿಟ್ಟ. ಆಮೇಲೆ ಜೇಬಿನಿಂದ ಚೀಟಿ ತೆಗೆದ, ಇನ್ನೊಂದು ಜೇಬಿನಿಂದ ಫೋನು ತೆಗೆದ, ಕನ್ನಡಕ ಏರಿಸಿ ಒಂದೊಂದೇ ಅಂಕಿ ಒತ್ತತೊಡಗಿದ. ನನಗೆ ಜೀವನದಲ್ಲಿ ಮೊದಲ ಸಲ ಯಾರ ದನಿಯನ್ನೂ ತೆಗೆಯಬೇಕೆನಿಸಲಿಲ್ಲ.

“ಯಾರಿಗೆ ಹಚ್ಚಾಕತ್ತೀರಿ?” ಎಂದಳು ಅವ್ವ.

“ಗುಜರಿಯವಂಗ. ಮಾತು ಮಾತು.”

“ಯಾಕ?”

“ಯಾಕ ಅಂದ್ರ? ನಿಂತಿಲ್ಲೇನು?”

ಅವ್ವ ಫೋನನ್ನು ಅವನ ಕೈಯಿಂದ ಕಿತ್ತುಕೊಂಡಳು. “ಜೀಪ ಏನ್ ಮಾಡೇತ್ರಿ ಪಾಪ? ಅದು ಮೋಟೆಬೆನ್ನೂರಾಗ ಖಾಲಿ ಅಂತ ಅಂತು. ನಾ ಓದಿ ಹೇಳಿದ್ನಿ. ಅದಕ್ಕ ಬಾಯಿಲ್ಲ, ನನ್ನ ಬಾಯಿಗೆ ನಿಮ್ಮ ಮುಂದ ಕಿಮ್ಮತ್ತಿಲ್ಲ. ಇಪ್ಪತ್ತೆಂಟು ವರ್ಷ ಆತು ಈ ಮನಿಗೆ ಬಂದು. ನನಗ ಖರೇ ಹೇಳಿದ್ದು ಇದೊಂದ ಮುಳ್ಳು. ಅದನ್ನ ಗುಜರಿಗೆ ಹಾಕಿ ನಿಮ್ಮಿಬ್ಬರನ್ನ ಮನ್ಯಾಗ ಇಟ್ಕೊಳ್ಳೇನು?”

ಅಪ್ಪ ಚೀಟಿಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮತ್ತೆ ಜೇಬಿಗೇ ಹಾಕಿಕೊಂಡ.

“ಇನ್ನ ಮ್ಯಾಲ ಮುಳ್ಳು ನಾ ಓದ್ತೇನಿ,” ಎಂದಳು ಅವ್ವ. “ನಾ ನಿಲ್ಲಸ್ರಿ ಅಂದಲ್ಲೆ ನಿಲ್ಲಸೂದು.”

“ಆತು,” ಎಂದ ಅಪ್ಪ. ಆ ಆತು ಎಂಬುದರಲ್ಲಿ ಸೇರಿಸಿದ್ದೂ ಇರಲಿಲ್ಲ, ಕಳೆಯಬೇಕಾದದ್ದೂ ಇರಲಿಲ್ಲ.

“ಮತ್ತ ನೀನು, ದೊಡ್ಡ ಕಲಾವಿದ. ಇಳಿ. ಕ್ಯಾನ್ ತಗೊಂಡು ಬಂಕಿಗೆ ನಡಿ. ಹೋಗೂತನಾ ಬರೂತನಾ ಬೇಕಾದ್ದು ದನಿ ತಗಿ, ಕೇಳವರು ಯಾರೂ ಇಲ್ಲ.”

ಹೋದೆ. ಬಿಸಿಲಿನಲ್ಲಿ ಹೋಗಿ, ಡೀಸೆಲ್ ತಂದು ಸುರಿದೆ. ಆದರೆ ಡೀಸೆಲ್ ಗಾಡಿ ಒಮ್ಮೆ ಒಣಗಿ ನಿಂತರೆ ಸುರಿದ ಮಾತ್ರಕ್ಕೆ ಏಳುವುದಿಲ್ಲ. ಪೈಪಿಗೆ ಹೊಕ್ಕ ಗಾಳಿಯನ್ನು ಪಂಪು ಒತ್ತಿ ಒತ್ತಿ ಹೊರಗೆ ಹಾಕಬೇಕು. ಅಪ್ಪ ಒತ್ತಿದ, ನಾನು ಒತ್ತಿದೆ. ಇಬ್ಬರ ಹಬ್ಬದ ಅಂಗಿಗೂ ಕರಿ ಹತ್ತಿತು. ಈ ನಡುವೆ ಅವ್ವನ ಗುರುತಿನವರ ಕಾರೊಂದು ನಿಂತು, “ಬರ್ರಿ ಅಕ್ಕಾರ, ಬಿಡ್ತೇವಿ,” ಎಂದು ಕರೆಯಿತು. ಅವ್ವ ಕದಲಲಿಲ್ಲ. “ನೀವ ಹೋಗ್ರಿ, ನಮ್ಮ ಗಾಡಿ ಐತಿ,” ಎಂದಳು. ನಮ್ಮ ಗಾಡಿ! ಅಪ್ಪ ಬಾನೆಟ್ಟಿನೊಳಗೆ ತಲೆ ತುರುಕಿಕೊಂಡ. ಹೊರಗೆ ತೆಗೆದಾಗ ಕಣ್ಣು ಒರೆಸಿಕೊಂಡದ್ದು ಡೀಸೆಲ್ ಸಿಡಿದದ್ದರಿಂದ ಎಂದು ಅವನು ಹೇಳಿದ. ನಾನು ಏನನ್ನೂ ಕಳೆಯದೆ ನಂಬಿದೆ.

ಹಾವೇರಿ ಮುಟ್ಟಿದಾಗ ಕೂಸು ಹಾಲಿಗಾಗಿ ಹಟ ಮಾಡಿ ಎಲ್ಲರನ್ನೂ ಕಾಯಿಸಿತ್ತು, ಪುಣ್ಯ. ತೊಟ್ಟಿಲಿಗೆ ಏಲಕ್ಕಿ ಹಾರ ಕಟ್ಟಿದ್ದರು. ಅವ್ವ ಕೂಸಿಗೆ ತನ್ನ ಕೈಯಾರೆ ಕುಂಚಿಗೆ ತೊಡಿಸಿದಳು. ಈ ಸಲ ವಿಡಿಯೋದವನು ಅವಳನ್ನು ಬಿಡಲಿಲ್ಲ. ಎಲ್ಲ ಸುಸೂತ್ರವಾಯಿತು ಎನ್ನುವಷ್ಟರಲ್ಲಿ ಹಾವೇರಿ ಅತ್ತಿಯ ಕಣ್ಣು ಅಪ್ಪನ ಅಂಗಿಯ ಕರಿಯ ಮೇಲೆ ಬಿತ್ತು, ಅಲ್ಲಿಂದ ನನ್ನ ಅಂಗಿಗೆ ಬಂತು. ಪಡಸಾಲೆಯಲ್ಲಿ ಮೂವತ್ತು ಮಂದಿ ಬೀಗರು.

“ಯಾಕ ಶಾಂತವ್ವ, ತಡಾ ಆತು? ಮತ್ತ ದಾರ್ಯಾಗ ನಿಂತಿತ್ತೇನು ನಿಮ್ಮ ಜೀಪು?” ಎಂದಳು ಅತ್ತಿ, ಇಡೀ ಪಡಸಾಲೆಗೆ ಕೇಳಿಸುವ ಹಾಗೆ.

ಅಪ್ಪ ಅಂಗಿಯ ಕರಿಯ ಮೇಲೆ ಕೈ ಮುಚ್ಚಿಕೊಂಡ. ನಾನೂ ಮುಚ್ಚಿಕೊಂಡೆ. ಎರಡು ತಾಸಿನ ಹಿಂದಷ್ಟೇ ಸತ್ಯದ ಪರವಾಗಿ ಹೆದ್ದಾರಿಯಲ್ಲಿ ಭಾಷಣ ಮಾಡಿದ ಹೆಂಗಸು ಏನು ಹೇಳಿಯಾಳು?

“ಜೀಪಾ?” ಎಂದಳು ಅವ್ವ, ರೆಪ್ಪೆ ಕೂಡ ಬಡಿಯದೆ. “ಜೀಪಿಗೇನಾಗೇತಿ ವೈನಿ, ಕುದುರಿಯಂಗ ಬಂತು. ಇಂವಗ ಹೊಟ್ಟಿ ಕೆಟ್ಟಿತ್ತು ನೋಡ್ರಿ. ದಾರ್ಯಾಗ ನಾಕ ಸಲ ನಿಲ್ಲಸೂದಾತು. ಹೊಲ ಕಂಡಲ್ಲೆಲ್ಲ ಇಳದ ಓಡಿದ.”

ಮೂವತ್ತು ಮಂದಿ ತಿರುಗಿ ನನ್ನ ಹೊಟ್ಟೆಯನ್ನು ನೋಡಿದರು. ಅತ್ತಿಯ ಮುಖದಲ್ಲಿ ಜೀಪಿನ ನಗು ಮಾಯವಾಗಿ ಕರುಣೆ ಉಕ್ಕಿತು. ನಾನು ಏನೋ ಹೇಳಲು ಹೋದೆ. ಅವ್ವ ನನ್ನ ಕಡೆ ಒಮ್ಮೆ ನೋಡಿದಳು. ದನಿ ತೆಗೆಯುವವನ ದನಿ ಹೋಯಿತು.

ಊಟಕ್ಕೆ ಕುಳಿತಾಗ ಎಲ್ಲರ ಎಲೆಗೆ ಬಿಸಿ ಹೋಳಿಗೆ ಬಿದ್ದವು. ನನ್ನ ಎಲೆಗೆ ಅತ್ತಿ ತಾನೇ ಬಂದು ಮಜ್ಜಿಗೆ ಕಲಸಿದ ಮೆತ್ತನೆಯ ಅನ್ನ ಬಡಿಸಿ, ಪಕ್ಕಕ್ಕೆ ಲೋಟದ ತುಂಬ ಅಜವಾನದ ಕಷಾಯ ಇಟ್ಟು, ಅದು ಮುಗಿಯುವವರೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಎದುರು ಸಾಲಿನಲ್ಲಿ ಅಪ್ಪ. ನನ್ನ ಕಡೆ ಅವನು ಕಣ್ಣೆತ್ತಲಿಲ್ಲ. ಮೂರನೆಯ ಹೋಳಿಗೆಯ ಮೇಲೆ ತುಪ್ಪ ಬರುವಾಗ “ಸಾಕ್ರಿ, ಸಾಕ ಸಾಕು” ಎನ್ನುತ್ತ ಎಲೆಗೆ ಅಂಗೈ ಅಡ್ಡ ಹಿಡಿದ, ಐದೂ ಬೆರಳುಗಳನ್ನು ಚೆನ್ನಾಗಿ ಅಗಲಿಸಿ.